ಹಂದಿಯ ಆಹಾರದಲ್ಲಿ ಸಸಾರಜನಕ: ಚೀಲದ ಮೇಲಿನ ಶೇಕಡಾವಾರು ಮತ್ತು ಪ್ರಾಣಿಯ ಬೆಳವಣಿಗೆ

ಹಂದಿ ಸಾಕಣೆಯ ಒಟ್ಟು ವೆಚ್ಚದಲ್ಲಿ ಮೂರನೆಯ ಎರಡು ಪಾಲು, ಹಲವೆಡೆ ಅದಕ್ಕೂ ಹೆಚ್ಚು, ಆಹಾರಕ್ಕೇ ಸಲ್ಲುತ್ತದೆ. ಆಹಾರದೊಳಗೆ ಅತ್ಯಂತ ದುಬಾರಿಯಾದ ಮುಖ್ಯ ಭಾಗ ಸಸಾರಜನಕ, ಅಂದರೆ ಪ್ರೋಟೀನ್. ಆದುದರಿಂದಲೇ ಹಿಂಡಿಯ ವ್ಯಾಪಾರಿಯಿಂದ ಹಿಡಿದು ಆಹಾರ ಮಿಶ್ರಣದ ಸಣ್ಣ ಘಟಕದ ಮಾಲೀಕನವರೆಗೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಸಸಾರಜನಕ ಶೇಕಡಾ ಎಷ್ಟು? ದರ ನಿಗದಿಯಾಗುವುದು, ಸರಕು ತಿರಸ್ಕೃತವಾಗುವುದು, ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿತವಾಗುವುದು ಎಲ್ಲವೂ ಈ ಅಂಕಿಯನ್ನು ಆಧರಿಸಿಯೇ. ಆದರೆ ಒಂದೇ ಅಂಕಿಯನ್ನು ಹೊತ್ತ ಎರಡು ಚೀಲಗಳಲ್ಲಿ ಒಂದು ಹಂದಿಯನ್ನು ಚೆನ್ನಾಗಿ ಬೆಳೆಸುತ್ತದೆ, ಇನ್ನೊಂದು ಬೆಳೆಸುವುದಿಲ್ಲ. ಇದರಿಂದ ನಷ್ಟ ಮೊದಲು ಸಾಕಣೆದಾರನಿಗಾದರೂ, ಮುಂದಿನ ಖರೀದಿಯಲ್ಲಿ ಅವನು ಬೇರೆ ಅಂಗಡಿಯತ್ತ ಮುಖ ಮಾಡಿದಾಗ ಅದು ತಯಾರಕನ ನಷ್ಟವೂ ಆಗುತ್ತದೆ.

ಈ ವ್ಯತ್ಯಾಸದ ಮೂಲ ಅಳತೆಯ ವಿಧಾನದಲ್ಲೇ ಇದೆ. ಪ್ರಯೋಗಾಲಯದಲ್ಲಿ ವಾಸ್ತವವಾಗಿ ಅಳೆಯುವುದು ಸಸಾರಜನಕವನ್ನಲ್ಲ, ಸಾರಜನಕವನ್ನು. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ದಾಲ್ 1883ರಲ್ಲಿ ರೂಪಿಸಿದ ವಿಧಾನದಿಂದ ದೊರೆತ ಸಾರಜನಕದ ಪ್ರಮಾಣವನ್ನು 6.25ರಿಂದ ಗುಣಿಸಿದರೆ ಬರುವುದು 'ಕಚ್ಚಾ ಸಸಾರಜನಕ'. ಸಸಾರಜನಕದಲ್ಲಿ ಸರಾಸರಿ ಶೇ. 16ರಷ್ಟು ಸಾರಜನಕವಿರುತ್ತದೆ ಎಂಬ ಊಹೆಯೇ ಈ ಗುಣಕಕ್ಕೆ ಆಧಾರ. 'ಕಚ್ಚಾ' ಎಂಬ ವಿಶೇಷಣವನ್ನು ವ್ಯಾಪಾರದ ಮಾತಿನಲ್ಲಿ ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ತೊಂದರೆ ಆರಂಭವಾಗುವುದೂ ಅಲ್ಲಿಂದಲೇ.

ಹಂದಿಗೆ ಬೇಕಾದುದು ಸಸಾರಜನಕವಲ್ಲ

ಹಂದಿಯ ದೇಹ ಆಹಾರದ ಸಸಾರಜನಕವನ್ನು ಹಾಗೆಯೇ ಮಾಂಸವಾಗಿ ಪರಿವರ್ತಿಸುವುದಿಲ್ಲ. ಕರುಳಿನಲ್ಲಿ ಅದು ಅಮೈನೋ ಆಮ್ಲಗಳೆಂಬ ಬಿಡಿ ಘಟಕಗಳಾಗಿ ಒಡೆಯುತ್ತದೆ. ಸುಮಾರು 20 ಬಗೆಯ ಈ ಘಟಕಗಳನ್ನು ದೇಹವು ತನಗೆ ಬೇಕಾದ ಅನುಪಾತದಲ್ಲಿ ಮರುಜೋಡಿಸಿ ಸ್ನಾಯುವನ್ನು ಕಟ್ಟುತ್ತದೆ. ಇವುಗಳಲ್ಲಿ ಹತ್ತರಷ್ಟನ್ನು ಬೆಳೆಯುವ ಹಂದಿ ಸ್ವತಃ ತಯಾರಿಸಿಕೊಳ್ಳಲಾರದು, ಅಥವಾ ಸಾಕಷ್ಟು ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು.

ಸೈಕಲ್ ಜೋಡಿಸುವ ಕಾರ್ಖಾನೆಯೊಂದನ್ನು ಊಹಿಸಿದರೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ಉಗ್ರಾಣದಲ್ಲಿ 100 ಚೌಕಟ್ಟುಗಳು, 100 ಹ್ಯಾಂಡಲ್‌ಗಳು, 100 ಸೀಟುಗಳಿದ್ದು, ಚಕ್ರಗಳು ಮಾತ್ರ 60 ಜೊತೆ ಇದ್ದರೆ ಹೊರಬರುವ ಸೈಕಲ್‌ಗಳು 60. ಇನ್ನೂ 50 ಚೌಕಟ್ಟುಗಳನ್ನು ತರಿಸಿದರೂ ಉತ್ಪಾದನೆ ಹೆಚ್ಚದು. ಕಾರ್ಖಾನೆಯವನಾದರೂ ಉಳಿದ ಬಿಡಿಭಾಗಗಳನ್ನು ನಾಳೆಗೆ ಕಾದಿರಿಸಬಹುದು. ಹಂದಿಗೆ ಆ ಅನುಕೂಲವಿಲ್ಲ. ಜೋಡಣೆಗೆ ಸಿಗದೆ ಉಳಿದ ಅಮೈನೋ ಆಮ್ಲಗಳನ್ನು ದೇಹ ಸಂಗ್ರಹಿಸಿಡಲಾರದು. ಅವುಗಳ ಸಾರಜನಕ ಯಕೃತ್ತಿನಲ್ಲಿ ಯೂರಿಯಾ ಆಗಿ ಮೂತ್ರದೊಡನೆ ಹೊರಹೋಗುತ್ತದೆ. ಈ ವಿಲೇವಾರಿಗೂ ಶಕ್ತಿ ವ್ಯಯವಾಗುತ್ತದೆ, ಆ ಶಕ್ತಿಯೂ ಅದೇ ಆಹಾರದಿಂದಲೇ ಬರಬೇಕು. ಬೆಳೆಯುವ ಹಂದಿ ತಿಂದ ಸಾರಜನಕದಲ್ಲಿ ಅರ್ಧದಿಂದ ಮೂರನೆಯ ಎರಡು ಪಾಲಿನವರೆಗೆ ಸಗಣಿ ಮತ್ತು ಮೂತ್ರದ ಮೂಲಕ ಹೊರಹೋಗುವುದು ಸಾಮಾನ್ಯ. ಹಂದಿ ಕೊಟ್ಟಿಗೆಯ ಕಣ್ಣುರಿಸುವ ಅಮೋನಿಯಾ ವಾಸನೆ ಹೀಗೆ ಹಣ ಕೊಟ್ಟು ಕೊಂಡ ಸಸಾರಜನಕದ ವಾಸನೆಯೇ ಆಗಿದೆ.

ಧಾನ್ಯ ಪ್ರಧಾನವಾದ ಆಹಾರದಲ್ಲಿ ಈ 'ಚಕ್ರ'ದ ಸ್ಥಾನ ಲೈಸಿನ್ ಎಂಬ ಅಮೈನೋ ಆಮ್ಲದ್ದು. ಹಂದಿಯ ದೇಹದ ಸಸಾರಜನಕದಲ್ಲಿ ಸುಮಾರು ಶೇ. 7ರಷ್ಟು ಲೈಸಿನ್ ಇರುತ್ತದೆ. ಮೆಕ್ಕೆಜೋಳದ ಸಸಾರಜನಕದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಈ ಕಾರಣದಿಂದ ಆಹಾರ ಶಾಸ್ತ್ರಜ್ಞರು ಲೈಸಿನ್ ಅನ್ನು 100 ಎಂದು ಇಟ್ಟುಕೊಂಡು ಇತರ ಅಮೈನೋ ಆಮ್ಲಗಳನ್ನು ಅದಕ್ಕೆ ಅನುಪಾತವಾಗಿ ಸೂಚಿಸುವ ಪದ್ಧತಿಯನ್ನು ರೂಢಿಗೆ ತಂದಿದ್ದಾರೆ. ಬೆಳೆಯುವ ಹಂದಿಗೆ ಲೈಸಿನ್ 100 ಇದ್ದರೆ ಥ್ರಿಯೋನಿನ್ 60ರಿಂದ 65, ಮಿಥಿಯೋನಿನ್ ಮತ್ತು ಸಿಸ್ಟೀನ್ ಒಟ್ಟಾಗಿ 60ರ ಆಸುಪಾಸು, ಟ್ರಿಪ್ಟೋಫ್ಯಾನ್ 17ರಿಂದ 18 ಇರಬೇಕು. 'ಆದರ್ಶ ಸಸಾರಜನಕ'ವೆಂದು ಕರೆಯುವುದು ಈ ಅನುಪಾತವನ್ನೇ.

ಸೋಯಾ ಹಿಂಡಿ, ಶೇಂಗಾ ಹಿಂಡಿ: ಒಂದು ಲೆಕ್ಕ

ಉತ್ತರ ಕರ್ನಾಟಕದ ಬೀದರ್, ಬೆಳಗಾವಿ, ಧಾರವಾಡಗಳ ಕಡೆ ಸೋಯಾ ಅವರೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸುತ್ತಮುತ್ತ ಶೇಂಗಾ, ದಾವಣಗೆರೆ ಮತ್ತು ಹಾವೇರಿಗಳಲ್ಲಿ ಮೆಕ್ಕೆಜೋಳ ಹೇರಳವಾಗಿ ಬೆಳೆಯುವುದರಿಂದ, ಇಲ್ಲಿನ ಮಿಶ್ರಣ ಘಟಕಗಳ ಮುಂದೆ ಎರಡು ಹಿಂಡಿಗಳ ಆಯ್ಕೆ ಸದಾ ಇರುತ್ತದೆ. ಎರಡರಲ್ಲೂ ಕಚ್ಚಾ ಸಸಾರಜನಕ ಶೇ. 45ರಷ್ಟಿದೆ ಎಂದು ಭಾವಿಸಿದರೆ, ಶೇ. 8.5 ಸಸಾರಜನಕವಿರುವ ಮೆಕ್ಕೆಜೋಳದೊಡನೆ ಶೇ. 18ರ ಆಹಾರ ತಯಾರಿಸಲು 74 ಕೆ.ಜಿ. ಜೋಳಕ್ಕೆ 26 ಕೆ.ಜಿ. ಹಿಂಡಿ ಸೇರಿಸಬೇಕಾಗುತ್ತದೆ. ಖನಿಜ ಮಿಶ್ರಣ, ಉಪ್ಪು, ಜೀವಸತ್ವಗಳನ್ನು ಸರಳತೆಗಾಗಿ ಈ ಲೆಕ್ಕದಿಂದ ಹೊರಗಿಡಲಾಗಿದೆ.

ಮೆಕ್ಕೆಜೋಳದಲ್ಲಿ ಲೈಸಿನ್ ಸುಮಾರು ಶೇ. 0.25, ಸೋಯಾ ಹಿಂಡಿಯಲ್ಲಿ ಸುಮಾರು ಶೇ. 2.8, ಶೇಂಗಾ ಹಿಂಡಿಯಲ್ಲಿ ಸುಮಾರು ಶೇ. 1.5. ಈ ಪ್ರಕಾರ ಸೋಯಾ ಬೆರೆಸಿದ 100 ಕೆ.ಜಿ. ಆಹಾರದಲ್ಲಿ 0.91 ಕೆ.ಜಿ. ಲೈಸಿನ್ ಇರುತ್ತದೆ, ಶೇಂಗಾ ಬೆರೆಸಿದ ಆಹಾರದಲ್ಲಿ ಕೇವಲ 0.58 ಕೆ.ಜಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1998ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 20ರಿಂದ 50 ಕೆ.ಜಿ. ತೂಕದ ಹಂದಿಗೆ ಬೇಕಾದ ಒಟ್ಟು ಲೈಸಿನ್ ಶೇ. 0.95. ಮೊದಲನೆಯ ಆಹಾರ ಗುರಿಯ ಸಮೀಪಕ್ಕೆ ಬರುತ್ತದೆ. ಎರಡನೆಯದು ಗುರಿಯ ಶೇ. 60ರಲ್ಲೇ ನಿಲ್ಲುತ್ತದೆ. ಎರಡೂ ಚೀಲಗಳ ಮೇಲೆ ಮಾತ್ರ 'ಸಸಾರಜನಕ ಶೇ. 18' ಎಂದೇ ಮುದ್ರಿತವಾಗಿರುತ್ತದೆ, ಪ್ರಯೋಗಾಲಯವೂ ಅದನ್ನು ನಿಜವೆಂದೇ ದೃಢೀಕರಿಸುತ್ತದೆ.

ಶೇಂಗಾ ಹಿಂಡಿಯ ಕೊರತೆಯನ್ನು ಅದೇ ಹಿಂಡಿಯನ್ನು ಇನ್ನಷ್ಟು ಸೇರಿಸಿ ತುಂಬಲು ಹೊರಟರೆ ಅದು ಚೌಕಟ್ಟುಗಳನ್ನು ಹೆಚ್ಚು ತರಿಸಿದಂತೆ. ಟನ್ನಿಗೆ ಐದು ಕೆ.ಜಿ.ಗೆ ಸ್ವಲ್ಪ ಕಡಿಮೆ ಲೈಸಿನ್ ಪುಡಿ ಬೆರೆಸಿದರೆ ಲೈಸಿನ್‌ನ ಲೆಕ್ಕ ಸರಿಹೊಂದುತ್ತದೆಯಾದರೂ, ಆಗ ಥ್ರಿಯೋನಿನ್ ಮತ್ತು ಮಿಥಿಯೋನಿನ್‌ಗಳ ಕೊರತೆ ಮೇಲಕ್ಕೆ ಬರುತ್ತದೆ. ಸೋಯಾ ಹಿಂಡಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಇರುವುದು ಕೇವಲ ಬೇಡಿಕೆಯ ಆಟದಿಂದಲ್ಲ ಎಂಬುದು ಇದರಿಂದ ಸ್ಪಷ್ಟ.

ತೂಕಕ್ಕೆ ತಕ್ಕ ಪ್ರಮಾಣ

ಬೆಳವಣಿಗೆಯೊಡನೆ ಆಹಾರದ ಸಸಾರಜನಕ ಸಾಂದ್ರತೆ ಇಳಿಯಬೇಕು. ಮೇಲೆ ಹೇಳಿದ 1998ರ ಕೋಷ್ಟಕದಲ್ಲಿ 5ರಿಂದ 10 ಕೆ.ಜಿ. ಮರಿಗೆ ಶೇ. 23.7, 10ರಿಂದ 20 ಕೆ.ಜಿ.ಗೆ ಶೇ. 20.9, 20ರಿಂದ 50ಕ್ಕೆ ಶೇ. 18, 50ರಿಂದ 80ಕ್ಕೆ ಶೇ. 15.5, 80ರಿಂದ 120ಕ್ಕೆ ಶೇ. 13.2 ಎಂದಿತ್ತು. ಅದೇ ಮಂಡಳಿ 2012ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಒತ್ತು ಜೀರ್ಣವಾಗುವ ಅಮೈನೋ ಆಮ್ಲಗಳ ಮೇಲೆ ಬಿತ್ತು. ಅದರಂತೆ ಜೀರ್ಣವಾಗುವ ಲೈಸಿನ್ 11ರಿಂದ 25 ಕೆ.ಜಿ. ತೂಕದ ಮರಿಗೆ ಶೇ. 1.23, 25ರಿಂದ 50ಕ್ಕೆ ಶೇ. 0.98, 50ರಿಂದ 75ಕ್ಕೆ ಶೇ. 0.85, 75ರಿಂದ 100ಕ್ಕೆ ಶೇ. 0.73 ಇರಬೇಕು.

ಈ ಇಳಿಕೆಗೆ ಕಾರಣ ಎರಡು. ಮರಿಯ ಹೊಟ್ಟೆ ಚಿಕ್ಕದು, ಸ್ನಾಯು ಬೆಳೆಯುವ ವೇಗ ಮಾತ್ರ ತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚು; ಆದುದರಿಂದ ತಿನ್ನುವ ಪ್ರತಿ ತುತ್ತೂ ಸಾಂದ್ರವಾಗಿರಬೇಕು. ದೊಡ್ಡ ಹಂದಿ ದಿನಕ್ಕೆ 3 ಕೆ.ಜಿ.ಯಷ್ಟು ತಿನ್ನುತ್ತದೆ, ಹೆಚ್ಚಿದ ತೂಕದಲ್ಲಿ ಕೊಬ್ಬಿನ ಪಾಲು ಏರುತ್ತಾ ಹೋಗುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಇರುತ್ತದೆ. ಒಂದು ಗ್ರಾಂ ಸಸಾರಜನಕ ದೇಹದಲ್ಲಿ ನೆಲೆಗೊಂಡರೆ ಅದರೊಡನೆ ಮೂರು ಗ್ರಾಮಿಗೂ ಮೇಲ್ಪಟ್ಟು ನೀರು ಸೇರಿ ತೂಕ ಏರುತ್ತದೆ. ಕೊಬ್ಬಿಗೆ ಇಂತಹ ನೀರಿನ ಜೊತೆಯಿಲ್ಲ, ಅದನ್ನು ಕಟ್ಟಲು ಬೇಕಾದ ಶಕ್ತಿಯೂ ಹೆಚ್ಚು. ಒಂದು ಕೆ.ಜಿ. ಮಾಂಸ ಬೆಳೆಸುವುದಕ್ಕಿಂತ ಒಂದು ಕೆ.ಜಿ. ಕೊಬ್ಬು ಬೆಳೆಸುವುದು ಆಹಾರದ ಲೆಕ್ಕದಲ್ಲಿ ಬಹಳ ದುಬಾರಿ.

ಎಳೆಯ ಹಂದಿಗೆ ಕಡಿಮೆ ಸಸಾರಜನಕದ ಆಹಾರ ನೀಡಿದಾಗ ಅದು ಸೊರಗುತ್ತದೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೊರತೆ ತೀವ್ರವಾದರೆ ಅದು ನಿಜ. ಕೊರತೆ ಅಲ್ಪವಾದರೆ ನಡೆಯುವುದು ಬೇರೆ: ಹಂದಿ ಕೊರತೆಯನ್ನು ತುಂಬಿಕೊಳ್ಳಲು ಇನ್ನೂ ಸ್ವಲ್ಪ ಹೆಚ್ಚು ತಿನ್ನುತ್ತದೆ, ಸ್ನಾಯು ಕಟ್ಟಲು ಬಳಕೆಯಾಗದ ಶಕ್ತಿ ಕೊಬ್ಬಾಗಿ ಕೂಡುತ್ತದೆ. ಹೊರನೋಟಕ್ಕೆ ಪ್ರಾಣಿ ದುಂಡಗೆ ಕಾಣುವುದರಿಂದ ಆಹಾರ ಒಗ್ಗಿದೆ ಎಂದೇ ಮಾಲೀಕ ತಿಳಿಯುತ್ತಾನೆ. ಮಾರಾಟದ ತೂಕ ತಲುಪಲು ತಗುಲಿದ ದಿನಗಳನ್ನೂ ಖರ್ಚಾದ ಚೀಲಗಳನ್ನೂ ಲೆಕ್ಕ ಹಾಕಿದಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಅನೇಕ ಸಣ್ಣ ಫಾರಂಗಳಲ್ಲಿ ಈ ಲೆಕ್ಕ ಇಡುವವರೇ ಇಲ್ಲದಿರುವುದು ಕಳಪೆ ಆಹಾರ ತಯಾರಿಸುವವರಿಗೆ ದೊಡ್ಡ ಅನುಕೂಲವಾಗಿದೆ. ಕೊಬ್ಬಿನ ಪದರವನ್ನು ಮೆಚ್ಚಿ ಕೊಳ್ಳುವ ಗಿರಾಕಿಗಳೂ ಇದ್ದಾರೆ ಎಂಬುದನ್ನು ಇಲ್ಲಿ ಮರೆಯಲಾಗದು. ಕೊಡಗಿನ ಪಂದಿಕರಿಗೆ ಕೊಬ್ಬಿಲ್ಲದ ತುಂಡು ಒಗ್ಗುವುದಿಲ್ಲ. ಆದರೂ ಆ ರುಚಿಗಾಗಿ ಮರಿಯ ಹಂತದಲ್ಲೇ ಸಸಾರಜನಕ ಕಡಿತ ಮಾಡುವುದಕ್ಕೆ ಅರ್ಥವಿಲ್ಲ.

ಅತಿಯಾದ ಸಸಾರಜನಕದ ನಷ್ಟ ಇನ್ನೂ ಮರೆಯಲ್ಲಿರುತ್ತದೆ. ಮರಿ ಬಿಡಿಸಿದಂದಿನಿಂದ ಮಾರಾಟದವರೆಗೆ ಒಂದೇ ಬಗೆಯ ಶೇ. 18ರ ಆಹಾರ ನೀಡುವುದು ಅನೇಕ ಕಡೆ ರೂಢಿ. ಇದರಿಂದ ಮರಿಗೆ ಕೊರತೆ, ದೊಡ್ಡ ಹಂದಿಗೆ ಅತಿರೇಕ ಒಟ್ಟಿಗೇ ಉಂಟಾಗುತ್ತವೆ. 80 ಕೆ.ಜಿ. ದಾಟಿದ 100 ಹಂದಿಗಳು ದಿನಕ್ಕೆ ತಲಾ 3 ಕೆ.ಜಿ. ತಿನ್ನುತ್ತವೆ ಎಂದಾದರೆ, ಶೇ. 18ರಿಂದ ಶೇ. 13.2ಕ್ಕೆ ಇಳಿಸಿದಾಗ ದಿನವೊಂದಕ್ಕೆ ಸುಮಾರು 39 ಕೆ.ಜಿ. ಸೋಯಾ ಹಿಂಡಿಯ ಬದಲು ಅಷ್ಟೇ ಮೆಕ್ಕೆಜೋಳ ಸಾಕಾಗುತ್ತದೆ. ಎರಡರ ದರದ ಅಂತರ ಕೆ.ಜಿ.ಗೆ 20 ರೂಪಾಯಿ ಎಂದು ಭಾವಿಸಿದರೆ ದಿನಕ್ಕೆ ಸುಮಾರು 790 ರೂಪಾಯಿ, ತಿಂಗಳಿಗೆ 23 ಸಾವಿರ ರೂಪಾಯಿಗೂ ಹೆಚ್ಚು ಉಳಿತಾಯ. ಮರಿ, ಬೆಳೆಯುವ ಹಂದಿ, ಮಾರಾಟಕ್ಕೆ ಸಿದ್ಧವಾಗುವ ಹಂದಿ ಎಂದು ಮೂರು ಬಗೆಯ ಆಹಾರ ತಯಾರಿಸಲು ಸಣ್ಣ ಘಟಕಕ್ಕೆ ಹೊಸ ಯಂತ್ರವೇನೂ ಬೇಕಾಗದು. ಮೂರು ಬಣ್ಣದ ಹೊಲಿಗೆ ದಾರ ಸಾಕು.

ತಳಿ ಮತ್ತು ಲಿಂಗದಿಂದಲೂ ಅವಶ್ಯಕತೆ ಬದಲಾಗುತ್ತದೆ. ಮೇಲಿನ ಅಂಕಿಗಳು ಯಾರ್ಕ್‌ಷೈರ್, ಲ್ಯಾಂಡ್‌ರೇಸ್, ಡ್ಯುರಾಕ್ ಮುಂತಾದ ಸುಧಾರಿತ ತಳಿಗಳಿಗೆ ಹೊಂದುವಂಥವು. ನಾಟಿ ಹಂದಿಯ ಸ್ನಾಯು ಬೆಳೆಯುವ ಸಾಮರ್ಥ್ಯವೇ ಕಡಿಮೆ ಇರುವುದರಿಂದ ಅದಕ್ಕೆ ಅಷ್ಟು ಸಾಂದ್ರ ಆಹಾರ ವ್ಯರ್ಥ. ಬೀಜ ಒಡೆಸಿದ ಗಂಡು ಹೆಚ್ಚು ತಿಂದು ಹೆಚ್ಚು ಕೊಬ್ಬು ಕೂಡಿಸಿಕೊಳ್ಳುತ್ತದೆ. ಅದೇ ವಯಸ್ಸಿನ ಹೆಣ್ಣಿಗೆ ಆಹಾರದಲ್ಲಿ ತುಸು ಹೆಚ್ಚು ಲೈಸಿನ್ ಇರಬೇಕು.

ಬೇಸಿಗೆಯ ಪ್ರಶ್ನೆ ಬೇರೆಯದೇ. ಹಂದಿ ಬೆವರುವುದು ಅತ್ಯಲ್ಪ. ಹೆಚ್ಚುವರಿ ಸಸಾರಜನಕದ ವಿಲೇವಾರಿಯಲ್ಲಿ ದೇಹದೊಳಗೆ ಶಾಖ ಹುಟ್ಟುತ್ತದೆ, ಸೆಕೆಯಲ್ಲಿ ಪ್ರಾಣಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ತಿನ್ನುವುದು ಕಡಿಮೆಯಾದಾಗ ದಿನದ ಲೈಸಿನ್ ಪ್ರಮಾಣವೂ ಕುಸಿಯುತ್ತದೆ. ಕಚ್ಚಾ ಸಸಾರಜನಕವನ್ನು ಇಳಿಸಿ, ಲೈಸಿನ್ ಸಾಂದ್ರತೆಯನ್ನು ಮಾತ್ರ ಏರಿಸುವುದೇ ಇದಕ್ಕೆ ಉಪಾಯ. ಅದು ಹಿಂಡಿಯಿಂದ ಆಗದ ಕೆಲಸ.

ಲೈಸಿನ್ ಪುಡಿ ಮತ್ತು ಚೀನಾದ ಲೆಕ್ಕಾಚಾರ

ಆಹಾರಕ್ಕೆ ಬೆರೆಸುವ ಲೈಸಿನ್ ಹೈಡ್ರೋಕ್ಲೋರೈಡ್ ಪುಡಿಯಲ್ಲಿ ಸುಮಾರು ಶೇ. 78ರಷ್ಟು ಶುದ್ಧ ಲೈಸಿನ್ ಇರುತ್ತದೆ. ಸಕ್ಕರೆ ಅಥವಾ ಪಿಷ್ಟದ ದ್ರಾವಣದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಇದನ್ನು ತಯಾರಿಸುವ ತಂತ್ರವನ್ನು ಜಪಾನಿನ ಕಂಪನಿಗಳು 1950ರ ದಶಕದ ಕೊನೆಯಲ್ಲಿ ಆರಂಭಿಸಿದವು. ಒಂದೂವರೆ ಕೆ.ಜಿ. ಲೈಸಿನ್ ಪುಡಿ ಮತ್ತು 48.5 ಕೆ.ಜಿ. ಮೆಕ್ಕೆಜೋಳ ಸೇರಿದರೆ ಜೀರ್ಣವಾಗುವ ಲೈಸಿನ್‌ನ ದೃಷ್ಟಿಯಿಂದ 50 ಕೆ.ಜಿ. ಸೋಯಾ ಹಿಂಡಿಗೆ ಸಮ. ಒಂದು ಟನ್ ಆಹಾರದಲ್ಲಿ ಈ ಬದಲಾವಣೆ ಮಾಡಿದಾಗ ಕಚ್ಚಾ ಸಸಾರಜನಕ ಶೇಕಡಾ ಎರಡಂಶದಷ್ಟು ಇಳಿದರೂ ಬೆಳವಣಿಗೆ ಕುಗ್ಗುವುದಿಲ್ಲ. ಇದಕ್ಕಿಂತ ಮುಂದೆ ಹೋಗಬೇಕಾದರೆ ಥ್ರಿಯೋನಿನ್, ಮಿಥಿಯೋನಿನ್, ಟ್ರಿಪ್ಟೋಫ್ಯಾನ್‌ಗಳನ್ನೂ ಸೇರಿಸಬೇಕಾಗುತ್ತದೆ. ಮೂರು ದರಗಳನ್ನು, ಅಂದರೆ ಸೋಯಾ ಹಿಂಡಿ, ಮೆಕ್ಕೆಜೋಳ ಮತ್ತು ಲೈಸಿನ್ ಪುಡಿಯ ಅಂದಿನ ದರಗಳನ್ನು ಈ ಸೂತ್ರದಲ್ಲಿ ಇಟ್ಟು ನೋಡಿದರೆ ಯಾವುದು ಅಗ್ಗವೆಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಈ ಪುಡಿಯ ವ್ಯಾಪಾರದಲ್ಲಿ ಎಷ್ಟು ಹಣ ಅಡಗಿದೆ ಎಂಬುದಕ್ಕೆ 1990ರ ದಶಕದ ಪ್ರಕರಣವೊಂದು ಸಾಕ್ಷಿ. ಅಮೆರಿಕ, ಜಪಾನ್ ಮತ್ತು ಕೊರಿಯಾದ ಐದು ಕಂಪನಿಗಳು ಗುಟ್ಟಾಗಿ ಸೇರಿ ಲೈಸಿನ್ ದರವನ್ನು ಏರಿಸಿದ್ದವು. ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ 1996ರಲ್ಲಿ ತಪ್ಪೊಪ್ಪಿಕೊಂಡು, ಸಿಟ್ರಿಕ್ ಆಮ್ಲದ ಮೊಕದ್ದಮೆಯೂ ಸೇರಿ, 10 ಕೋಟಿ ಡಾಲರ್ ದಂಡ ತೆತ್ತಿತು.

ಸಸಾರಜನಕದ ಮಟ್ಟ ಒಂದು ದೇಶದ ವಾಣಿಜ್ಯ ನೀತಿಯ ವಿಷಯವೇ ಆದ ಉದಾಹರಣೆ ಚೀನಾದ್ದು. ಪ್ರಪಂಚದ ಹಂದಿಗಳಲ್ಲಿ ಅರ್ಧದಷ್ಟನ್ನು ಸಾಕುವ ಆ ದೇಶ ತನ್ನ ಸೋಯಾ ಅವರೆಯ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. 2020ರಲ್ಲಿ ಈ ಆಮದು 10 ಕೋಟಿ ಟನ್ ದಾಟಿತ್ತು. 2018ರ ಜುಲೈನಲ್ಲಿ ಅಮೆರಿಕದೊಡನೆ ಸುಂಕ ಸಮರ ಆರಂಭವಾಗಿ ಅಮೆರಿಕದ ಸೋಯಾ ಮೇಲೆ ಶೇ. 25ರ ಸುಂಕ ಬಿದ್ದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಚೀನಾದ ಪಶು ಆಹಾರ ಉದ್ಯಮ ಸಂಘ ಹಂದಿ ಆಹಾರದ ಸಸಾರಜನಕ ಮಟ್ಟವನ್ನು ಶೇಕಡಾ ಒಂದೂವರೆ ಅಂಶ ತಗ್ಗಿಸಿ ಹೊಸ ಮಾನದಂಡ ಹೊರಡಿಸಿತು. ಮುಂದೆ 2023ರ ಏಪ್ರಿಲ್‌ನಲ್ಲಿ ಚೀನಾದ ಕೃಷಿ ಸಚಿವಾಲಯ, ಪಶು ಆಹಾರದಲ್ಲಿ ಸೋಯಾ ಹಿಂಡಿಯ ಪಾಲನ್ನು 2022ರಲ್ಲಿದ್ದ ಶೇ. 14.5ರಿಂದ 2025ರ ವೇಳೆಗೆ ಶೇ. 13ಕ್ಕಿಂತ ಕೆಳಗಿಳಿಸುವ ಯೋಜನೆ ಪ್ರಕಟಿಸಿತು. ದೇಶದೊಳಗೇ ಲೈಸಿನ್ ಪುಡಿ ಧಾರಾಳವಾಗಿ ತಯಾರಾಗುತ್ತಿದ್ದುದರಿಂದ ಈ ಹೆಜ್ಜೆ ಸಾಧ್ಯವಾಯಿತು. ಭಾರತದಲ್ಲಿಯೂ 2021ರಲ್ಲಿ ಸೋಯಾ ಹಿಂಡಿಯ ದರ ವಿಪರೀತ ಏರಿ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿ ಆಮದಿಗೆ ಅನುಮತಿ ನೀಡಬೇಕಾಗಿ ಬಂದಿತ್ತು. ಆಹಾರದ ಸಸಾರಜನಕವನ್ನು ಒಂದಂಶ ತಗ್ಗಿಸಿದರೆ ಹಂದಿ ಹೊರಹಾಕುವ ಸಾರಜನಕ ಶೇ. 8ರಿಂದ 10ರಷ್ಟು ತಗ್ಗುತ್ತದೆ ಎಂಬುದು ಹೆಚ್ಚುವರಿ ಲಾಭ; ಊರಿನ ಅಂಚಿನಲ್ಲಿರುವ ಫಾರಂಗಳಿಗೆ ನೆರೆಹೊರೆಯವರ ದೂರು ತಪ್ಪಿಸಿಕೊಳ್ಳಲು ಇದೂ ನೆರವಾದೀತು.

ಖರೀದಿಯ ಮುನ್ನ

ಕಚ್ಚಾ ಸಸಾರಜನಕದ ಅಂಕಿಯನ್ನು ಮಾತ್ರ ನಂಬುವವರಿಗೆ ಮೊದಲ ಅಪಾಯ ಕಲಬೆರಕೆಯದು. ರಸಗೊಬ್ಬರದ ಯೂರಿಯಾದಲ್ಲಿ ಶೇ. 46 ಸಾರಜನಕವಿರುವುದರಿಂದ ಕೆಲ್ದಾಲ್ ಪರೀಕ್ಷೆಯಲ್ಲಿ ಅದು ಶೇ. 287.5 ಸಸಾರಜನಕವೆಂದು ತೋರುತ್ತದೆ. ಟನ್ ಹಿಂಡಿಗೆ 10 ಕೆ.ಜಿ. ಯೂರಿಯಾ ಸೇರಿಸಿದರೆ ಅಂಕಿ ಸುಮಾರು ಎರಡೂವರೆ ಅಂಶ ಏರುತ್ತದೆ. ಮೆಲುಕು ಹಾಕುವ ಪ್ರಾಣಿಗಳು ಯೂರಿಯಾವನ್ನು ಮಿತಿಯೊಳಗೆ ಬಳಸಿಕೊಳ್ಳಬಲ್ಲವು, ಹಂದಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಮೆಲಮೈನ್ ಎಂಬ ರಾಸಾಯನಿಕವನ್ನು ಇದೇ ಉದ್ದೇಶಕ್ಕೆ ಬೆರೆಸಿದ್ದ ಚೀನಾದ ಸರಕು 2007ರಲ್ಲಿ ಅಮೆರಿಕದ ಸಾಕುಪ್ರಾಣಿಗಳ ಆಹಾರದಲ್ಲಿ ಪತ್ತೆಯಾಯಿತು. ಆ ಆಹಾರದ ಉಳಿಕೆ ಹಂದಿ ಫಾರಂಗಳಿಗೂ ತಲುಪಿತ್ತು. ಮರುವರ್ಷ ಚೀನಾದಲ್ಲೇ ಮಕ್ಕಳ ಹಾಲಿನ ಪುಡಿಯಲ್ಲಿ ಅದೇ ವಿಷ ಸಿಕ್ಕಿತು. ಪ್ರಯೋಗಾಲಯದಿಂದ ಕಚ್ಚಾ ಸಸಾರಜನಕದ ಜೊತೆಗೆ ನಿಜ ಸಸಾರಜನಕ ಮತ್ತು ಯೂರಿಯಾ ಪರೀಕ್ಷೆಯನ್ನೂ ಕೇಳುವುದು ಕ್ಷೇಮ.

ಸೋಯಾ ಹಿಂಡಿಯಲ್ಲಿ ಬೇಯಿಸುವಿಕೆಯೇ ಮುಖ್ಯ. ಹಸಿ ಸೋಯಾದಲ್ಲಿ ಸಸಾರಜನಕದ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳಿರುತ್ತವೆ, ಶಾಖದಿಂದ ಅವು ನಾಶವಾಗುತ್ತವೆ. ಶಾಖ ಮಿತಿಮೀರಿದರೆ ಲೈಸಿನ್ ಸಕ್ಕರೆಯ ಅಂಶಗಳಿಗೆ ಅಂಟಿಕೊಂಡು ಪ್ರಾಣಿಗೆ ದಕ್ಕದಂತಾಗುತ್ತದೆ. ಕಚ್ಚಾ ಸಸಾರಜನಕದ ಪರೀಕ್ಷೆ ಹಸಿಯಾದುದನ್ನೂ ಕರಕಲಾದುದನ್ನೂ ಗುರುತಿಸದು. ಯೂರಿಯೇಸ್ ಪರೀಕ್ಷೆ ಹಸಿತನವನ್ನು ತಿಳಿಸುತ್ತದೆ. ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸಸಾರಜನಕ ಕರಗುವ ಪ್ರಮಾಣ ಶೇ. 70ಕ್ಕಿಂತ ಕಡಿಮೆಯಾದರೆ ಹಿಂಡಿ ಸುಟ್ಟಿದೆ ಎಂದರ್ಥ, ಶೇ. 85 ಮೀರಿದರೆ ಸಾಕಷ್ಟು ಬೆಂದಿಲ್ಲ ಎಂದರ್ಥ.

ಧಾನ್ಯದಿಂದ ಎಥೆನಾಲ್ ತಯಾರಿಸುವ ಘಟಕಗಳು ಹೆಚ್ಚಿದಂತೆ ಅವುಗಳ ಉಪೋತ್ಪನ್ನವಾದ ಡಿಡಿಜಿಎಸ್ ಹಿಂಡಿಗಳಿಗೆ ಸ್ಪರ್ಧಿಯಾಗಿ ಮಾರುಕಟ್ಟೆಗೆ ಬಂದಿದೆ. ಮೆಕ್ಕೆಜೋಳದ ಪಿಷ್ಟ ಹೊರಟುಹೋಗುವುದರಿಂದ ಉಳಿದ ಅಂಶಗಳು ಸುಮಾರು ಮೂರು ಪಟ್ಟು ಸಾಂದ್ರವಾಗುತ್ತವೆ. ಸಸಾರಜನಕದ ಅಂಕಿ ಆಕರ್ಷಕವಾಗಿ ಏರುತ್ತದೆ, ಆದರೆ ಅದು ಲೈಸಿನ್ ಕಡಿಮೆ ಇರುವ ಮೆಕ್ಕೆಜೋಳದ ಸಸಾರಜನಕವೇ. ಒಣಗಿಸುವಾಗಿನ ಶಾಖದಿಂದ ಇದ್ದ ಲೈಸಿನ್ನೂ ಹಾಳಾಗಬಹುದು. ಗಾಢ ಕಂದು ಬಣ್ಣ ಮತ್ತು ಸುಟ್ಟ ವಾಸನೆ ಅದರ ಲಕ್ಷಣ. ಬೂಷ್ಟು ಹಿಡಿದ ಕಾಳಿನಲ್ಲಿದ್ದ ಅಫ್ಲಾಟಾಕ್ಸಿನ್ ವಿಷವೂ ಅದೇ ಮೂರು ಪಟ್ಟು ಸಾಂದ್ರವಾಗಿ ಚೀಲ ಸೇರುತ್ತದೆ. ಮಳೆಗಾಲದ ಕೊಯ್ಲಿನ ಮೆಕ್ಕೆಜೋಳದಿಂದ ಬಂದ ಸರಕಿಗೂ ಸರಿಯಾಗಿ ಒಣಗಿಸದ ಶೇಂಗಾದ ಹಿಂಡಿಗೂ ಈ ಪರೀಕ್ಷೆ ಕಡ್ಡಾಯವೆಂದೇ ತಿಳಿಯಬೇಕು.

ಹೋಟೆಲ್ ಮತ್ತು ಹಾಸ್ಟೆಲ್‌ಗಳ ಉಳಿಕೆ ಅನ್ನವನ್ನೇ ನಂಬಿದ ಫಾರಂಗಳಿಗೆ ಮೇಲಿನ ಲೆಕ್ಕಗಳು ನೇರವಾಗಿ ಅನ್ವಯಿಸುವುದಿಲ್ಲ. ಈ ಉಳಿಕೆಯಲ್ಲಿ ಬಹುಭಾಗ ನೀರು, ಉಳಿದುದರಲ್ಲಿ ಹೆಚ್ಚಿನದು ಪಿಷ್ಟ. ಸಸಾರಜನಕ ದಿನದಿಂದ ದಿನಕ್ಕೆ ಬದಲಾಗುತ್ತದೆ. ಇಂತಹ ಗಿರಾಕಿಗೆ ಪೂರ್ಣ ಆಹಾರಕ್ಕಿಂತ, ಸೋಯಾ ಹಿಂಡಿ, ಲೈಸಿನ್ ಮತ್ತು ಖನಿಜಗಳನ್ನು ಸೇರಿಸಿದ ಸಾಂದ್ರ ಪೂರಕ ಮಿಶ್ರಣವೇ ಉಪಯುಕ್ತ. ತಯಾರಕರು ಈ ಗಿರಾಕಿಯನ್ನು ಇನ್ನೂ ಅಷ್ಟಾಗಿ ಗಮನಿಸಿದಂತಿಲ್ಲ. ಮಾಂಸದ ತುಣುಕುಗಳಿರುವ ಉಳಿಕೆಯ ಮೂಲಕ ಆಫ್ರಿಕನ್ ಹಂದಿ ಜ್ವರ ಹರಡುತ್ತದೆ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಭಾರತದೊಳಗೆ ಮೊದಲು ಕಾಣಿಸಿಕೊಂಡ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಉಳಿಕೆಯನ್ನು ಚೆನ್ನಾಗಿ ಕುದಿಸಿ, ಆರಿಸಿ, ಆ ಬಳಿಕವೇ ಪೂರಕ ಮಿಶ್ರಣವನ್ನು ಬೆರೆಸಬೇಕೆಂದು ಚೀಲದ ಮೇಲೆಯೇ ಕನ್ನಡದಲ್ಲಿ ಮುದ್ರಿಸುವುದು ಉಚಿತ.